ಬಳ್ಳಾರಿ ಬಿಸ್ಲಾಗ ಕೋಲ್ಡ್ ಏರ್

ವಿಜಯನಗರದ ಅರಸರು ಕುದುರಿಗೋಸ್ಕರ ಮೊದ್ಲು ಅರಬ್ಬರ ಹತ್ರ, ಆಮ್ಯಾಲೆ ಪೋರ್ಚುಗೀಸರ ಹತ್ರ ವ್ಯವಹಾರ ಇಟ್ಕೊಂಡಿದ್ರು, ಹಡಗಿನಾಗ ತಂದು ಗೋವಾ ಭಟ್ಕಳದ ಕಡಿ ಇಳಿಸಿ ಘಟ್ಟ ಹತ್ತಿಸಿ ಹಂಪಿಗೆ ಮುಟ್ಟಿಸೋದ್ರಾಗ ಎಷ್ಟು ಕುದುರಿ ಸತ್ವೋ ಏನೋ. ನಮ್ಮ ಬಾಮೈದ ಇಪ್ಪತ್ತು ಕುದುರಿ ಕೊರಿಯರ್‌ನಾಗ ತರ್ಸಿದ. ಒಂದೂ ಸತ್ತಿರ್ಲಿಲ್ಲ. ಕಾರಿನ ಇಂಜಿನ್ನಿಗೆ ಇಪ್ಪತ್ತು ಹಾರ್ಸ್‌ಪವರ್ ಕೂಡಿಸ್ತದ ಅನ್ನೋ ಅಂಗೈಯಗಲ ಕರೀ ಡಬ್ಬಿ, ಅದರಿಂದ ಹೊರಗ ಬಂದಿದ್ದ ವೈರು, ಜತಿಗೆ ಹಿಂದಿನ ಗ್ಲಾಸಿಗೆ ಅಂಟಿಸೋಕೆ ಬೆಂಕಿ ಜ್ವಾಲಿ ಇರೋ ಒಂದು ಸ್ಟಿಕರ್ ಫ್ರೀ.

ಗಾಡಿ ನಮ್ಮ ಮಾವಂದು. ಕೆಎ 34 ನಂಬರಿನ ಹಳೇ ಸ್ವಿಫ್ಟ್ ಡೀಸೆಲ್, 1,248 ಸಿಸಿ, 75 ಕುದುರಿ, 190 ಎನ್‌ಎಂ ಟಾರ್ಕ್. ಫಿಯಟ್‌ನವ್ರು ಮಾಡಿದ ಈ ಇಂಜಿನ್ನು ಒಂದು ಕಾಲಕ್ಕ ಮಾರುತಿ, ಟಾಟಾ, ಷೆವರ್ಲೆ ಅಂತ ಸಿಕ್ಕಸಿಕ್ಕ ಕಂಪ್ನಿ ಬಾನೆಟ್ ಒಳಗ ಕುಂತಿತ್ತು, ಅದಕ್ಕ ಜನ ಚಾಷ್ಟಿಗೆ ನ್ಯಾಷನಲ್ ಇಂಜಿನ್ ಅಂತಿದ್ರು, 2020ರಾಗ ಬಿಎಸ್ 6 ಅನ್ನೋ ಹೊಗಿ ನಿಯಮ ಬಂದ್ಮ್ಯಾಲೆ ಮಾರುತಿಯವ್ರು ಡೀಸೆಲ್ಲೇ ಬಿಟ್ರು. ಮಾವ ಅದನ್ನ ಓಡ್ಸೋದು ನಲವತ್ತರ ಸ್ಪೀಡಿಗೆ. ಮಗ ಹೋಗಿ ಪವರ್ ಹೆಚ್ಚು ಮಾಡ್ತೀನಿ ಅಂದಿದ್ರ ಕಾಲಾಗಿನ ಚಪ್ಪಲಿ ಕೈಗೆ ಬರ್ತಿತ್ತು, ಅದು ಅವಗೂ ಗೊತ್ತು, ಅದಕ್ಕ "ಅಪ್ಪಾ, ಮೈಲೇಜ್ ಜಾಸ್ತಿ ಆಗ್ತದ" ಅಂದ. ಮೈಲೇಜ್ ಅಂದ್ರ ನಮ್ಮ ಕಡಿ ಹಿರಿಯರು ಕಿಡ್ನಿ ಬೇಕಾದ್ರೂ ಕೊಡ್ತಾರ. ಆದ್ರೂ ಡಬ್ಬಿ ಕೈಯಾಗ ಹಿಡ್ಕೊಂಡು ಹಿಂದ ಮುಂದ ತಿರುಗಿಸಿ ನೋಡಿ, "ಇದ್ದ 75 ಕುದುರಿಯಾಗ ಅರ್ಧ ಲಾಯದಾಗೇ ಮಲಗ್ಯಾವು, ಇನ್ನಿಪ್ಪತ್ತು ತಂದು ಎಲ್ಲಿ ಕಟ್ಟಾಕತ್ತೀಯಪ್ಪಾ" ಅಂದ್ರು.

ಬಿಸ್ಲಿಗೆ ಮುಂಚೆ ಮುಗಿಸೋಣ ಅಂತ ಭಾನುವಾರ ಬೆಳಗ್ಗೆ ಆರಕ್ಕ ಬಾನೆಟ್ ಎತ್ತಿದ. ಯಾಕಂದ್ರ ಏಪ್ರಿಲ್‌ನಾಗ ಹತ್ತು ಗಂಟಿ ಆತಂದ್ರ ಇಂಜಿನ್ ಆಫ್ ಇದ್ರೂ ಬಾನೆಟ್ ಮುಟ್ಟೋಕಾಗಂಗಿಲ್ಲ. ನಾನು ಮನಿ ಅಳಿಯ, ಒಳಗ ಗೌರವ ಐತಿ, ತಟ್ಟಿಯಾಗ ಒಂದು ಮಿರ್ಚಿ ಜಾಸ್ತಿನೇ ಬೀಳ್ತದ, ಆದ್ರ ಬಾನೆಟ್ ಮುಂದ ಅಳಿಯನ ಕೆಲಸ ಮೊಬೈಲ್ ಟಾರ್ಚ್ ಹಿಡಿಯೋದು. "ಭಾವಾ ಸ್ವಲ್ಪ ಎಡಕ್ಕ, ಭಾವಾ ಕೆಳಗ, ಭಾವಾ ನನ್ನ ಕಣ್ಣಿಗೆ ಬ್ಯಾಡ" ಅಂತ ಮಧ್ಯಾಹ್ನದ ತನಕ ಇದೇ ಮಂತ್ರ.

ಓಣಿಯಾಗ ಬಾನೆಟ್ ಎತ್ತಿದ್ರ ಆಮ್ಯಾಲೆ ಅದು ಸಾರ್ವಜನಿಕ ಆಸ್ತಿ ನೋಡ್ರಿ. ಹಾಲಿನವ ಕ್ಯಾನ್ ಇಳಿಸಿ ನಿಂತ. ವಾಕಿಂಗ್ ಹೊಂಟವ್ರು ವಾಕಿಂಗ್ ಬಿಟ್ರು. ಜೀನ್ಸ್ ಯೂನಿಟ್ಟಿಗೆ ಹೋಗೋ ಹುಡುಗ್ರು ಬೈಕ್ ಆಫ್ ಮಾಡಿ "ಎಷ್ಟು ಬೀಳ್ತದಣ್ಣ ಡಬ್ಬಿ" ಅಂತ ವಿಚಾರಿಸಿದ್ರು. ಎದುರು ಮನಿ ಮೇಷ್ಟ್ರು, ರಿಟೈರ್ಡ್, ಲುಂಗಿ ಎತ್ತಿ ಕಟ್ಕೊಂಡು ಬಂದು ಒಳಗ ಬಗ್ಗಿ ನೋಡಿ "ಬ್ಯಾಟ್ರಿ ಇರಬೇಕು" ಅಂದ್ರು. "ಸರ್, ಗಾಡಿ ಕೆಟ್ಟಿಲ್ಲ" ಅಂದ ಬಾಮೈದ. "ಕೆಡ್ತದ. ಬ್ಯಾಟ್ರಿನೇ" ಅಂದ್ರು. ಯಾರ ಮನಿ ಗಾಡಿ ನಿಂತ್ರೂ ಅವ್ರು ಹೇಳೋದು ಅದೊಂದೇ, ಪಂಚರ್ ಆಗಿದ್ರೂ.

ಮೊದ್ಲು ಏರ್ ಫಿಲ್ಟರ್ ಕೆಲಸ. ಕಂಪ್ನಿಯವ್ರು ಒಂದು ಪ್ಲಾಸ್ಟಿಕ್ ಡಬ್ಬಿಯಾಗ ಮಡಿಕೆ ಮಡಿಕೆ ಪೇಪರ್ ಫಿಲ್ಟರ್ ಕೊಟ್ಟಿರ್ತಾರ. ಅದು ಇಂಜಿನ್ನಿನ ಮೂಗು ಕಟ್ಟಿಬಿಟ್ಟೈತಿ, ಕಾಟನ್ ಫಿಲ್ಟರ್ ಹಾಕಿದ್ರ ಫ್ರೀಯಾಗಿ ಉಸಿರಾಡ್ತದ ಅನ್ನೋದು ಬಾಮೈದನ ಸಿದ್ಧಾಂತ. ಕಾಟನ್ ಅಂದ್ರ ಹತ್ತಿ ಬಟ್ಟಿ, ಎಣ್ಣಿ ಸವರಿರ್ತಾರ, ಗಾಳಿ ಸಲೀಸಾಗಿ ಹೋಗ್ತದ, ಧೂಳು ಎಣ್ಣಿಗೆ ಅಂಟ್ಕೊಂತದ. ಪುಸ್ತಕದ ಲೆಕ್ಕದಾಗ ಸರಿ. ಆದ್ರ ಹಳೇ ಪೇಪರ್ ಫಿಲ್ಟರ್ ಹೊರಗ ತೆಗೆದು ಕಟ್ಟಿ ಮ್ಯಾಲೆ ಬಡಿದಾಗ ಉದುರಿದ್ದು ಪೂರಾ ಕೆಂಪು ಮಣ್ಣು, ಸಂಡೂರು ತೋರಣಗಲ್ ಕಡಿ ರೋಡಿನ್ದು, ನಮ್ಮತ್ತಿ ಬಂದು ನೋಡಿ "ಚೆಲ್ಲಬ್ಯಾಡೋ, ತುಳಸಿಕಟ್ಟಿಗೆ ಬೇಕು" ಅಂದ್ರು. ಆ ಮಡಿಕಿ ಪೇಪರ್ ಅಲ್ಲಿ ಕುಂತು ಇಷ್ಟು ವರ್ಷ ಏನು ಕೆಲ್ಸ ಮಾಡೈತಿ ಅಂತ ಆ ಮಣ್ಣು ನೋಡಿದ್ರೇ ತಿಳೀತಿತ್ತು, ಇಂಜಿನ್ ಬೋರ್, ಅಂದ್ರ ಪಿಸ್ಟನ್ ಓಡಾಡೋ ಕೊಳವಿ, ಸವೆಯೋಕೆ ಇಂಥಾ ಧೂಳಿಗಿಂತ ಬೇರೆ ಏನೂ ಬೇಕಿಲ್ಲ. ಇದನ್ನ ಹೇಳಿದೆ. "ಭಾವಾ ಟಾರ್ಚ್ ಬಲಕ್ಕ" ಅಂದ.

ಕಾಟನ್ ಫಿಲ್ಟರ್ ಹೊಸದು ತಗೊಂಡಿದ್ರ ಎಣ್ಣಿ ಹಾಕೇ ಬರ್ತದ. ಇವ ರೊಕ್ಕ ಉಳಿಸೋಕೆ ಸೆಕೆಂಡ್ ಹ್ಯಾಂಡ್ ತಂದಿದ್ದ. ಹಂಗಾಗಿ ಹಿಂದಿನ ದಿನನೇ ತೊಳೆದು ಮಾಳಿಗಿ ಮ್ಯಾಲೆ ಒಣಗ್ಸಿ, ಅಲ್ಲೇ ಎಣ್ಣಿ ಬಿಟ್ಟಿದ್ದ. ಹಗುರಾಗಿ ಸವರಬೇಕು ಅಂತ ಬಾಟ್ಲಿ ಮ್ಯಾಲೆ ಬರ್ದಿತ್ತಂತ, ಆದ್ರ ಒಂದು ಬಾಟ್ಲಿ ಅಂತ ತಗೊಂಡ್ಮ್ಯಾಲೆ ಉಳಿಸಿ ಏನ್ ಮಾಡೋದು ಅಂತ ಪೂರಾ ಸುರುವಿದ. ಆ ಎಣ್ಣಿ ಬಣ್ಣ ಕೆಂಪು. ಫಿಲ್ಟರ್ ಇಟ್ಟಿದ್ದು ಹಗ್ಗದ ಮ್ಯಾಲೆ ಕ್ಲಿಪ್ ಹಾಕಿ. ಹಗ್ಗದ ಕೆಳಗ ಅತ್ತಿ, ಬಾಜು ಮನಿ ಆಂಟಿ ಇಬ್ರೂ ಸೇರಿ ವರ್ಷಕ್ಕಾಗೋವಷ್ಟು ಅಕ್ಕಿ ಸಂಡಿಗಿ ಇಟ್ಟಿದ್ರು. ಸಂಜಿಗೆ ಆಂಟಿ ಹೋಗಿ ನೋಡಿ, "ಏನಕ್ಕಾ, ಈ ಸಾಲಿಗಷ್ಟೇ ಖಾರ ಹಾಕೀಯೇನು" ಅಂತ ಒಂದು ಕೈಗೆ ತಗೊಂಡು ಮೂಸಿ ನೋಡಿದಾಗ ವಿಷಯ ಬಯಲಾತು. ತಿಂದಿರ್ಲಿಲ್ಲ, ದೇವ್ರು ದೊಡ್ಡವ. ಆ ಸಾಲು ಪೂರಾ ಕಸಕ್ಕ ಹೋತು. ಬಾಮೈದಗ ಆ ರಾತ್ರಿ ಊಟಕ್ಕ ಸಂಡಿಗಿ ಹಾಕಲಿಲ್ಲ, ಈಗ್ಲೂ ಹಾಕಂಗಿಲ್ಲ.

ಇನ್ನು ಕೋಲ್ಡ್ ಏರ್ ಇಂಟೇಕ್. ಅಂದ್ರ ಫಿಲ್ಟರ್‌ಗೆ ಇಂಜಿನ್ ಪಕ್ಕದ ಬಿಸಿ ಗಾಳಿ ಬದ್ಲು ಮುಂದಿನ ಗ್ರಿಲ್ ಹತ್ರದ ತಣ್ಣನೇ ಗಾಳಿ ಸಿಗಂಗ ಪೈಪ್ ಎಳೆಯೋದು. ಗಾಳಿ ತಣ್ಣಗಿದ್ದಷ್ಟು ದಟ್ಟ ಇರ್ತದ, ಆಕ್ಸಿಜನ್ ಹೆಚ್ಚು, ಇಂಜಿನ್ನಿಗೆ ಹುರುಪು. ಬಿಸಿ ಆದ್ರ ಪ್ರತಿ 10 ಡಿಗ್ರಿಗೆ ಹೆಚ್ಚುಕಡಿಮಿ 3 ಪರ್ಸೆಂಟ್ ತೆಳ್ಳಗಾಗ್ತದ. ಲೆಕ್ಕ ಪಕ್ಕಾ ಐತಿ, ಬ್ಯಾರೆ ಊರಾಗ ಚಂದಾಗಿ ನಡೀತದ. ಆದ್ರ 42 ಡಿಗ್ರಿ ಬಳ್ಳಾರಿಯಾಗ ಗ್ರಿಲ್ ಮುಂದಿನ ಗಾಳಿನೂ ಬೆಂಕಿನೇ ಅಲ್ಲೇನ್ರಿ, ಡಾಂಬರ್ ರೋಡಿನ ಮ್ಯಾಲೆ ಇನ್ನೂ ಜಾಸ್ತಿ, ಕೋಲ್ಡ್ ಏರ್ ಎಲ್ಲಿಂದ ತರಬೇಕು? ಈ ಪ್ರಶ್ನಿ ಕೇಳಿದ ಕೂಡ್ಲೇ ಜೀನ್ಸ್ ಹುಡುಗ ಒಬ್ಬ, "ಅಣ್ಣಾ, ಒಳಗ ಕೂಲರ್ ಐತಲ್ಲ, ಅದರ ಮುಂದ ಪೈಪ್ ಇಡು" ಅಂದ. ಹಾಲಿನವ "ಕೂಲರ್ ಡಿಕ್ಕಿಯಾಗ ಇಟ್ರ?" ಅಂದ. ಆಮ್ಯಾಲೆ ಕೂಲರ್‌ಗೆ ಕರೆಂಟ್ ಹೆಂಗ, ನೀರು ಎಷ್ಟು ಕಿಲೋಮೀಟರಿಗೊಮ್ಮೆ ಹಾಕಬೇಕು, ಖಸ್ ಹುಲ್ಲು ಛಲೋನೋ ಹನಿಕೋಂಬ್ ಛಲೋನೋ ಅಂತ ಒಂದು ತಾಸು ಚರ್ಚಿ ಆತು. ಮೇಷ್ಟ್ರು ಮಾತ್ರ "ಅಷ್ಟು ಲೋಡ್ ಬ್ಯಾಟ್ರಿ ತಡಿಯಂಗಿಲ್ಲ" ಅಂದ್ರು.

ಪೈಪ್ ಬಿಗಿ ಮಾಡೋವಾಗ ಕ್ಲಾಂಪಿನ ಸ್ಕ್ರೂ ಕೈ ಜಾರಿ ಒಳಗ ಬಿತ್ತು. ಟಣ್, ಟಣ್ ಅಂತ ಎರಡು ಕಡಿ ಬಡಿದ ಸಪ್ಪಳ ಕೇಳಿಸ್ತು, ಮೂರನೇ ಟಣ್ ಬರಲಿಲ್ಲ. ನೆಲದ ಮ್ಯಾಲೂ ಇಲ್ಲ. ಆಗ ಯಾರೋ ಹಳೇ ಸ್ಪೀಕರಿನ ಮ್ಯಾಗ್ನೆಟ್ ತಂದುಕೊಟ್ರು, ದಾರ ಕಟ್ಟಿ ಗಾಡಿ ಕೆಳಗ ಎಳೆದಾಡಿದ್ವಿ. ಹೊರಗ ತೆಗೆದ್ರ ಮ್ಯಾಗ್ನೆಟ್ಟಿಗೆ ಸ್ವಾಮಿಗಳ ಗಡ್ಡದಂಗ ಕರೀ ಪುಡಿ ಹತ್ಕೊಂಡಿತ್ತು, ನೆಲದಾಗಿನ ಕಬ್ಬಿಣದ ಪುಡಿ! ನಮ್ಮೂರಾಗ ಇದಕ್ಕೆಲ್ಲಾ ಪರ್ಮಿಟ್ ಬೇಕು, ಹುಷಾರು, 2011ರಾಗ ಸುಪ್ರೀಂ ಕೋರ್ಟು ಗಣಿನೇ ಬಂದ್ ಮಾಡ್ಸಿತ್ತು ಅಂತ ಒಬ್ರು ಅಂದ್ರು, ಎಲ್ರೂ ನಕ್ಕರು, ಸ್ಕ್ರೂ ಮಾತ್ರ ಬರಲಿಲ್ಲ. ಬರೋದೂ ಇಲ್ಲ, ಯಾಕಂದ್ರ ಅದು ಸ್ಟೇನ್‌ಲೆಸ್ ಸ್ಟೀಲಿನ್ದು, ಆ ಜಾತಿ ಸ್ಟೀಲಿಗೆ ಮ್ಯಾಗ್ನೆಟ್ ಹಿಡಿಯಂಗಿಲ್ಲ. ಕೊನೀಗೆ ಅತ್ತಿಯ ಹೊಲಿಗಿ ಮಿಷನ್ನಿನ ಡಬ್ಬಿಯಾಗಿಂದ ಒಂದು ಸ್ಕ್ರೂ ಸಿಕ್ತು, ಕೂಡ್ತು.

ಕರೀ ಡಬ್ಬಿ ಕೂಡಿಸೋದು ಬಹಳ ಸುಲಭ. ಇದು ಮಾಡೋದು ಏನಪ್ಪಾ ಅಂದ್ರ ಸುಳ್ಳು ಹೇಳೋದು. ಡೀಸೆಲ್ ರೈಲು, ಅಂದ್ರ ಇಂಜಿನ್ನಿನಾಗ ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚೋ ಪೈಪು, ಅದರಾಗ ಸಾವಿರ ಬಾರ್‌ಗಿಂತ ಮ್ಯಾಲೆ ಪ್ರೆಷರ್ ಇರ್ತದ, ಟೈರಿನಾಗ ಇರೋದು ಎರಡು ಬಾರ್ ಚಿಲ್ರೆ ಅಂತ ಇಟ್ಕೊಳ್ರಿ ಅಂದಾಜಿಗೆ. ಆ ಪ್ರೆಷರ್ ಎಷ್ಟೈತಿ ಅಂತ ಸೆನ್ಸಾರ್ ಗಾಡಿ ಕಂಪ್ಯೂಟರಿಗೆ ಹೇಳ್ತಿರ್ತದ. ಈ ಡಬ್ಬಿ ಇಬ್ರ ನಡು ಕುಂತು ಇದ್ದಿದ್ದಕ್ಕಿಂತ ಕಡಿಮಿ ಹೇಳ್ತದ. ಅಯ್ಯೋ ಪಾಪ ಪ್ರೆಷರ್ ಕಡಿಮಿ ಆಗೇತಿ ಅಂತ ಕಂಪ್ಯೂಟರ್ ಏರಿಸ್ತದ, ಡೀಸೆಲ್ ಜಾಸ್ತಿ ಹೋಗ್ತದ, ಅದೇ ಪವರ್. ಮಾವಗ ಮೈಲೇಜ್ ಅಂತ ಹೇಳಿದ್ದ ಬಾಮೈದಗೂ ಈ ಡಬ್ಬಿಗೂ ಜೋಡಿ ಸರಿ ಇತ್ತು.

ಸ್ಟಿಕರ್ ಅಂಟಿಸಿ ಸಂಜಿ ಹೊಸಪೇಟಿ ರೋಡಿಗೆ ಹೊಂಟ್ವಿ. ನಾನು, ಅವ, ಹಿಂದ ನನ್ನ ಹೆಂಡ್ತಿ, ಆಕಿಗೆ ಕುಡತಿನಿ ಕಡಿ ಏನೋ ಕೆಲಸ ಇತ್ತು. ಸುಳ್ಳು ಹೇಳಬಾರ್ದು, ಎಳೀತು ರೀ. ಎರಡು ಸಾವಿರ ಆರ್‌ಪಿಎಂ ದಾಟಿದ ಕೂಡ್ಲೇ ಬೆನ್ನು ಸೀಟಿಗೆ ಹತ್ಕೊಂತು. ಬಾಮೈದ ನನ್ನ ಕಡಿ ನೋಡಿ ನಕ್ಕ, ಮದಿವಿ ದಿನಾನೂ ಅವ ಹಂಗ ನಕ್ಕಿರ್ಲಿಲ್ಲ. ಹಿಂದಿನ ಗ್ಲಾಸಿನಾಗ ರೋಡು ಕಾಣ್ಸಲಿಲ್ಲ, ಕರೀ ಹೊಗಿ ಅಷ್ಟೇ. ಬಿಳೀ ಅಂಗಿ ಹಾಕ್ಕೊಂಡು ಬುಲೆಟ್ ಮ್ಯಾಲೆ ಹೊಂಟಿದ್ದ ಯಜಮಾನ್ರೊಬ್ರು ಆ ಹೊಗಿಯಾಗಿಂದ ಹೊರಗ ಬಂದಾಗ ಅಂಗಿ ಬಿಳೀ ಇರ್ಲಿಲ್ಲ, ಬಾಯಾಗಿನ ಮಾತೂ ಇಲ್ಲಿ ಬರಿಯಂಗಿಲ್ಲ. "ಕುಡತಿನಿ ಥರ್ಮಲ್ ಪವರ್ ಸ್ಟೇಷನ್ನಿನವ್ರು ನೋಡಿದ್ರ ಹೊಟ್ಟಿ ಉರ್ಕೊಂತಾರ" ಅಂದ್ಲು ನನ್ನ ಹೆಂಡ್ತಿ.

ಥರ್ಮಲ್ ಚಿಮಣಿ ಕಾಣೋ ಹೊತ್ತಿಗೆ ಡ್ಯಾಷ್‌ಬೋರ್ಡಿನಾಗ ಹಳದಿ ಲೈಟ್ ಹತ್ತಿತು. ಇಂಜಿನ್ ಸುಮ್ನಾತು. ಅಂದ್ರ ಆಫ್ ಆಗ್ಲಿಲ್ಲ, ಮುನಿಸ್ಕೊಂತು, ಎಷ್ಟು ತುಳಿದ್ರೂ ಮ್ಯಾಲೆ ಹೋಗ್ವಲ್ದು. ಇದಕ್ಕ ಲಿಂಪ್ ಮೋಡ್ ಅಂತಾರ, ಏನೋ ಎಡವಟ್ಟಾಗೇತಿ, ಮನೀಗೆ ಮುಟ್ಟೋವಷ್ಟು ಮಾತ್ರ ಓಡ್ತೀನಿ ಅಂತ ಕಂಪ್ಯೂಟರ್ ತಾನೇ ನಿರ್ಧಾರ ಮಾಡೋದು. ಫೋನಿನಾಗ ಸ್ಕ್ಯಾನರ್ ಹಚ್ಚಿ ನೋಡಿದ್ರ ಎರಡು ಕೋಡು. ಪಿ0088, ರೈಲ್ ಪ್ರೆಷರ್ ಅತಿಯಾತು. ಪಿ0101, ಒಳಗ ಬರೋ ಗಾಳಿ ಅಳೆಯೋ ಸೆನ್ಸಾರಿನ ಲೆಕ್ಕ ತಪ್ಪಾಗೇತಿ. ವಾಪಸ್ ಬರುವಾಗ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ನಮ್ಮನ್ನ ಓವರ್‌ಟೇಕ್ ಮಾಡ್ತು, ಟ್ರೈಲರ್ ತುದಿಗೆ ಕುಂತಿದ್ದ ಹುಡುಗ ನಮ್ಮ ಗ್ಲಾಸಿನ ಮ್ಯಾಲಿನ ಜ್ವಾಲಿ ಓದಿ, ಮುಂದ ಹೋಗಿ, ತಿರುಗಿ ನೋಡಿ ಟಾಟಾ ಮಾಡಿದ. ನನ್ನ ಹೆಂಡ್ತಿನೂ ಟಾಟಾ ಮಾಡಿದ್ಲು.

ಮರುದಿನ ಗ್ಯಾರೇಜಿನ ಭಾಯ್‌ನ ಮನೀಗೇ ಕರ್ಸಿದ್ವಿ. ಅವ್ರು ಬಾನೆಟ್ ಒಳಗ ನೋಡಿ ಬಹಳ ಹೊತ್ತು ಏನೂ ಮಾತಾಡ್ಲಿಲ್ಲ, ಆಮ್ಯಾಲೆ ಪೈಪ್ ಒಳಗ ಬೆರಳು ಹಾಕಿ ಹೊರಗ ತೆಗೆದು ಬಾಮೈದಗ ತೋರಿಸಿದ್ರು. ಕೆಂಪೆಣ್ಣಿ. ಗಾಳಿ ಅಳೆಯೋ ಸೆನ್ಸಾರಿನಾಗ ಬಿಸಿ ಆಗಿರೋ ಸಣ್ಣ ಎಲಿಮೆಂಟ್ ಇರ್ತದ, ಗಾಳಿ ಹಾದು ಹೋಗುವಾಗ ಅದು ಎಷ್ಟು ತಣ್ಣಗಾಗ್ತದ ಅನ್ನೋದ್ರ ಮ್ಯಾಲೆ ಎಷ್ಟು ಗಾಳಿ ಬಂತು ಅಂತ ಲೆಕ್ಕ. ಅದರ ಮ್ಯಾಲೆ ಸಂಡಿಗಿಗೆ ಸಾಕಾಗಿ ಉಳಿದ ಎಣ್ಣಿ ಪೂರಾ ಕುಂತಿತ್ತು. ಮುಟ್ಟಬ್ಯಾಡ, ಒರೆಸಬ್ಯಾಡ ಅಂತ ಹೇಳಿ ಭಾಯ್ ಸ್ಪ್ರೇ ಹೊಡೆದು ತೊಳೆದ್ರು, ಪೇಪರ್ ಫಿಲ್ಟರ್ ಹೊಸದು ಹಾಕಿದ್ರು, ಕರೀ ಡಬ್ಬಿ ಕಿತ್ತು ಕೈಗಿಟ್ರು. ಮೋಟಾರ್ ವಾಹನ ಕಾಯ್ದಿ 52ನೇ ಕಲಮಿನಾಗ ಕಂಪ್ನಿ ಕೊಟ್ಟಿದ್ದನ್ನ ಹಿಂಗೆಲ್ಲ ಬದ್ಲಿ ಮಾಡಂಗಿಲ್ಲ ಅಂತೈತಿ, ನಾಳೆ ಎಲ್ಲ್ಯಾರ ಗುದ್ದಿದ್ರ ಇನ್ಶೂರೆನ್ಸ್‌ನವ್ರು ಇದನ್ನೇ ಹಿಡ್ಕೊಂತಾರ ಅಂತ ನಾನೂ ಒಂದು ಮಾತು ಸೇರಿಸಿದೆ, ಟಾರ್ಚ್ ಹಿಡಿಯೋ ಕೆಲಸ ಇರ್ಲಿಲ್ಲಲ್ಲ.

ಎಲ್ಲಾ ಆದ್ರೂ ಹಳದಿ ಲೈಟ್ ಹೋಗ್ವಲ್ದು. ಬಾಮೈದನ ಸ್ಕ್ಯಾನರ್ ಆ್ಯಪು ಕೋಡ್ ಅಳಿಸ್ಬೇಕಂದ್ರ ರೊಕ್ಕ ಕಟ್ಟು ಅಂತು. ಜನ ಮತ್ತ ಸೇರಿದ್ರು. ಭಾಯ್ ಸ್ವಲ್ಪ ಯೋಚನಿ ಮಾಡಿ, ಹತ್ತನೇ ನಂಬರ್ ಪಾನಾ ತಗೊಂಡು, ಬ್ಯಾಟ್ರಿಯ ಮೈನಸ್ ಟರ್ಮಿನಲ್ ಬಿಚ್ಚಿಟ್ರು. ಒಂದು ಚಹಾ ಕುಡಿಯೋವಷ್ಟು ಬಿಟ್ಟು ಮತ್ತ ಹಚ್ಚಿ ಸ್ಟಾರ್ಟ್ ಮಾಡಿದ್ರ ಲೈಟ್ ಮಾಯ. ಎದುರು ಗೇಟಿನಾಗ ನಿಂತಿದ್ದ ಮೇಷ್ಟ್ರು ಏನೂ ಮಾತಾಡ್ಲಿಲ್ಲ. ಲುಂಗಿ ಕೆಳಗ ಇಳಿಸಿದ್ರು, ಒಳಗ ಹೋದ್ರು. ಅವತ್ತಿಂದ ನಮ್ಮ ಓಣಿಯಾಗ ಅವ್ರಿಗೆ ಕನ್ಸಲ್ಟೇಶನ್ ಜಾಸ್ತಿ ಆಗೇತಿ, ಮಿಕ್ಸಿ ಕೆಟ್ರೂ ಕರೀತಾರ.

ಡಬ್ಬಿ ಗಂಗಾವತಿಯವ ಒಬ್ಬ ಅರ್ಧ ರೇಟಿಗೆ ತಗೊಂಡು ಹೋದ, ಇಪ್ಪತ್ತು ಕುದುರಿ ತುಂಗಭದ್ರಾ ದಾಟಿದ್ವು. ಸ್ಟಿಕರ್ ಮಾತ್ರ ಬಿಸ್ಲಿಗೆ ಗ್ಲಾಸಿಗೆ ಬೆಸೆದುಬಿಟ್ಟೈತಿ, ಸೀಮೆಎಣ್ಣಿ ಹಚ್ಚಿದ್ರೂ ಬರ್ವಲ್ದು. ಮೊನ್ನೆ ಮಂಗಳವಾರ ಮಾವ, ಅತ್ತಿ ದುರ್ಗಮ್ಮನ ಗುಡಿಗೆ ಹೊಂಟಾಗ ಸಿಗ್ನಲ್‌ನಾಗ ಬಾಜು ಒಂದು ಕಾರು ಬಂದು ನಿಂತಿತು, ಒಳಗಿನ ಹುಡುಗ್ರು ಜ್ವಾಲಿ ನೋಡಿ ಆಕ್ಸಿಲೇಟರ್ ತುಳಿದು ಝುಂಯ್ ಝುಂಯ್ ಅನ್ನಿಸಿದ್ರಂತ. ಮಾವ ಗ್ಲಾಸ್ ಇಳಿಸಿ, "ಏನ್ರಪ್ಪಾ, ಗಾಡಿ ಬಂದ್ ಬೀಳ್ತೈತೇನು? ಬ್ಯಾಟ್ರಿ ನೋಡ್ಸಿ" ಅಂದ್ರಂತ. ಹಸಿರು ಲೈಟ್ ಬಿದ್ರೂ ಆ ಹುಡುಗ್ರು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ರಂತ.