ಕಾಕಾವೊಟಾಕ್ ಗೆದ್ದದ್ದು ಬಂದ ಗಳಿಗೆಯಿಂದಲೇ?

ಪರ: ಹೌದು, ಮೊದಲ ವರ್ಷದಲ್ಲೇ ಆಟ ಮುಗಿದಿತ್ತು

ದಕ್ಷಿಣ ಕೊರಿಯಾಕ್ಕೆ ಐಫೋನ್ ಬಂದದ್ದು 2009ರ ನವೆಂಬರಿನಲ್ಲಿ, ಅಲ್ಲಿನ ಮೆಸೆಂಜರ್ ಆ್ಯಪ್ ಕಾಕಾವೊಟಾಕ್ ಬಂದದ್ದು 2010ರ ಮಾರ್ಚಿನಲ್ಲಿ. ಆಗ ಒಂದು ಎಸ್ಸೆಮ್ಮೆಸ್ಸಿಗೆ 20 ವಾನ್ (ಕೊರಿಯಾದ ಹಣ). 'ಏಳು ಗಂಟೆಗೆ ಸಿಗೋಣ' ಎಂದು ಐದು ಜನ ಗೆಳೆಯರಿಗೆ ತಿಳಿಸಲು 100 ವಾನ್, ಅವರು ಉತ್ತರಿಸಿದರೆ ಅದರ ಲೆಕ್ಕ ಬೇರೆ. ಕಾಕಾವೊಟಾಕ್‌ನಲ್ಲಿ ಐವರನ್ನೂ ಒಂದೇ ಗುಂಪಿಗೆ ಹಾಕಿಕೊಂಡು ಪುಕ್ಕಟೆಯಾಗಿ ಮಾತಾಡಬಹುದಿತ್ತು. ವಾಟ್ಸಾಪ್ ಆಗಲೇ ಇತ್ತು, ನಿಜ; ಆದರೆ ಐಫೋನಿನಲ್ಲಿ ಅದಕ್ಕೆ ದುಡ್ಡು ಕೊಡಬೇಕಿತ್ತು.

ಸೇರುವುದೂ ಸಲೀಸು. ಫೋನ್ ನಂಬರ್ ಕೊಟ್ಟು, ಬಂದ ಕೋಡ್ ಒತ್ತಿದರೆ ಸಾಕು. ಕಾಂಟ್ಯಾಕ್ಟ್ಸ್‌ನಲ್ಲಿದ್ದವರ ಪೈಕಿ ಆಗಲೇ ಸೇರಿದ್ದವರೆಲ್ಲ ತಾವಾಗಿ ಗೆಳೆಯರ ಪಟ್ಟಿಗೆ ಬರುತ್ತಿದ್ದರು. ಹೀಗಾಗಿ ಒಬ್ಬರು ಸೇರಿದರೆ ಅವರ ನಂಬರ್ ಇಟ್ಟುಕೊಂಡಿದ್ದ ಎಲ್ಲರಿಗೂ ಆ್ಯಪಿನ ಬೆಲೆ ಒಂದಿಷ್ಟು ಏರುತ್ತಿತ್ತು. 2011ರ ಏಪ್ರಿಲ್ ಹೊತ್ತಿಗೆ ಬಳಕೆದಾರರು ಒಂದು ಕೋಟಿ.

ಆಮೇಲೆ ಬಂದವರ ಗತಿ ನೋಡಿ. ಟೆಲಿಕಾಂ ಕಂಪನಿಗಳು ಒಟ್ಟಾಗಿ 2012ರ ಡಿಸೆಂಬರಿನಲ್ಲಿ 'ಜಾಯಿನ್' ಎಂಬ ಮೆಸೆಂಜರ್ ತಂದವು, ನಡೆಯಲಿಲ್ಲ. ಕೊರಿಯಾದ ಅತಿ ದೊಡ್ಡ ಪೋರ್ಟಲ್ ನೇವರ್‌ನ ಬಳಗದ್ದೇ ಆದ ಲೈನ್ 2011ರ ಜೂನ್‌ನಲ್ಲಿ ಶುರುವಾಗಿ ಜಪಾನ್, ತೈವಾನ್, ಥಾಯ್ಲೆಂಡ್ ಮೂರನ್ನೂ ಗೆದ್ದಿತು. ತವರಿನಲ್ಲಿ ಮಾತ್ರ ಸೋತಿತು. ಆ್ಯಪ್ ಅದೇ, ಸ್ಟಿಕರ್‌ಗಳೂ ಅವೇ. ಕೊರಿಯಾದಲ್ಲಿ ಜನ ಆಗಲೇ ಬೇರೆ ಕಡೆ ಕೂಡಿದ್ದರು. ನಮ್ಮ ಭಾರತದ ಮೆಸೆಂಜರ್ ಹೈಕ್ ಕಥೆಯೂ ಇದೇ. 2012ರ ಡಿಸೆಂಬರಿನಲ್ಲಿ ಬಂದಾಗ ವಾಟ್ಸಾಪ್ ಇಲ್ಲಿ ನೆಲೆಯೂರಿತ್ತು. ದೇಶಭಾಷೆಗಳ ಸ್ಟಿಕರ್ ಕೊಟ್ಟರೂ 2021ರ ಜನವರಿಯಲ್ಲಿ ಮೆಸೆಂಜರನ್ನು ಮುಚ್ಚಬೇಕಾಯಿತು.

2014ರಲ್ಲಿ ಸರ್ಕಾರ ಚಾಟ್ ಓದೀತೆಂಬ ಭಯದಿಂದ ಕೊರಿಯನ್ನರು ಟೆಲಿಗ್ರಾಂಗೆ ಗುಳೆ ಹೊರಟರು. ಆದರೂ ಕಾಕಾವೊಟಾಕ್ ಅಲುಗಲಿಲ್ಲ. ಅಪ್ಪ ಅಮ್ಮ, ಆಫೀಸಿನ ಗುಂಪು ಎಲ್ಲ ಹಳೆಯ ಕಡೆಯೇ ಇತ್ತಲ್ಲ.

ವಿರೋಧ: ಅಲ್ಲ, ಮೊದಲು ಬಂದದ್ದು ಅದಲ್ಲವೇ ಅಲ್ಲ

ಕೊರಿಯಾದ್ದೇ ಆದ 'ಎಂ ಅಂಡ್ ಟಾಕ್' ಕಾಕಾವೊಟಾಕ್‌ಗಿಂತ ಕೆಲವು ವಾರ ಮೊದಲೇ ಬಂದಿತ್ತು. ಅದೂ ಪುಕ್ಕಟೆ. ಜನ ನುಗ್ಗಿದಂತೆ ಸರ್ವರ್ ತಡೆದುಕೊಳ್ಳಲಿಲ್ಲ. ಕಳಿಸಿದ್ದು ತಲುಪುತ್ತದೆಂಬ ನಂಬಿಕೆ ಹೋದ ಮೇಲೆ ಮೆಸೆಂಜರಿನಲ್ಲಿ ಇನ್ನೇನು ಉಳಿದೀತು? ಗಳಿಗೆಯೇ ಗೆಲ್ಲಿಸುವುದಾಗಿದ್ದರೆ ಗೆಲುವು ಅದರದ್ದಾಗಬೇಕಿತ್ತು.

ಕಾಕಾವೊಟಾಕ್ ಕೊರಿಯಾದ ನಡವಳಿಕೆಯೊಳಗೆ ಇಳಿದದ್ದನ್ನು ನೋಡಬೇಕು. ಏಳು ಜನರ ಗುಂಪಿಗೆ ಸಂದೇಶ ಕಳಿಸಿದರೆ ಅದರ ಪಕ್ಕ ಹಳದಿ ಬಣ್ಣದ ಪುಟ್ಟ 6 ಕಾಣುತ್ತದೆ. ಒಬ್ಬೊಬ್ಬರು ಓದಿದಂತೆ 5, 4, 3. ಎಲ್ಲರೂ ಓದಿದರೆ ಅಂಕಿಯೇ ಮಾಯ. ಹಿರಿಯರ ಮಾತಿಗೆ ಬೇಗ ಓಗೊಡಬೇಕೆನ್ನುವ ಆಫೀಸುಗಳಲ್ಲಿ ಆ ಅಂಕಿಯ ಭಾರ ಎಷ್ಟೆಂದು ಊಹಿಸಿಕೊಳ್ಳಿ.

ಇನ್ನು ಆ್ಯಪಿನಲ್ಲೇ ಉಡುಗೊರೆ ಕಳಿಸುವ ಸೌಲಭ್ಯ. 2010ರ ಡಿಸೆಂಬರಿನಲ್ಲೇ ಶುರುವಾಯಿತು. ಇಂದು ಯಾರ ಹುಟ್ಟುಹಬ್ಬವೆಂದು ಆ್ಯಪೇ ತೋರಿಸುತ್ತದೆ. ಹೆಸರು ಒತ್ತಿ, ಕಾಫಿ ಕೇಕ್ ಆರಿಸಿ, ದುಡ್ಡು ಕಟ್ಟಿದರೆ ಚಾಟಿಗೆ ಕೂಪನ್ ಹೋಗುತ್ತದೆ. ಪಡೆದವರು ಅಂಗಡಿಯ ಕೌಂಟರಿನಲ್ಲಿ ಬಾರ್‌ಕೋಡ್ ತೋರಿಸಿದರಾಯಿತು. ವಸ್ತುವಾದರೆ ವಿಳಾಸವನ್ನು ಪಡೆಯುವವರೇ ತುಂಬುತ್ತಾರೆ. ಅಷ್ಟೇನೂ ಸಲಿಗೆಯಿಲ್ಲದ ಸಹೋದ್ಯೋಗಿಯ ಮನೆ ವಿಳಾಸ ಕೇಳುವ ಮುಜುಗರವೇ ಇಲ್ಲ. ಇದನ್ನು ಯೋಚಿಸಿದವರಿಗೆ ತಮ್ಮ ಜನ ಗೊತ್ತಿತ್ತು.

2015ರಲ್ಲಿ ವ್ಯಾಪಾರಿಗಳಿಗಾಗಿ 'ಅಲಿಮ್‌ಟಾಕ್' ಬಂತು. ಗ್ರಾಹಕರ ಫೋನ್ ನಂಬರ್ ಇದ್ದರೆ ಸಾಕು, ಕಾಕಾವೊದಿಂದ ಮೊದಲೇ ಒಪ್ಪಿಗೆ ಪಡೆದ ನಮೂನೆಯಲ್ಲಿ ಬಿಲ್ಲು, ಪಾರ್ಸೆಲ್ ಸುದ್ದಿ ಕಳಿಸಬಹುದು; ಎಸ್ಸೆಮ್ಮೆಸ್ಸಿಗಿಂತ ಅಗ್ಗ. ಅದೇ ವರ್ಷ ಟ್ಯಾಕ್ಸಿ ಸೇವೆಯೂ ಶುರುವಾಯಿತು.

2022ರ ಅಕ್ಟೋಬರ್ 15ರಂದು ಕಾಕಾವೊಟಾಕ್‌ನ ಸರ್ವರ್‌ಗಳಿದ್ದ ಪಂಗ್ಯೋದ ಡೇಟಾ ಸೆಂಟರಿನ ಬ್ಯಾಟರಿಗೆ ಬೆಂಕಿ ಬಿತ್ತು, ಆ್ಯಪ್ ನಿಂತಿತು. ಕೆಲಸವನ್ನು ಬೇರೆ ಸೆಂಟರಿಗೆ ಹೊರಳಿಸುವ ಉಪಕರಣಗಳಿಗೇ ಸರಿಯಾದ ಎರಡನೇ ಪ್ರತಿ ಇರಲಿಲ್ಲ. ಎಲ್ಲ ಸರಿಹೋಗಲು 127 ಗಂಟೆ 30 ನಿಮಿಷ ಹಿಡಿಯಿತು. ಲೈನ್, ಟೆಲಿಗ್ರಾಂ ಇಳಿಸಿಕೊಂಡವರು ಮಾತಾಡಲೇನೋ ಮಾತಾಡಿದರು. ಟ್ಯಾಕ್ಸಿ ಕರೆಯಲು, ಹುಟ್ಟುಹಬ್ಬದ ಕೂಪನ್ ತೋರಿಸಲು ಮತ್ತೆ ಕಾಕಾವೊಟಾಕ್‌ಗೇ ಬಂದರು.