ಸೋರುವ ಚೊಂಬು

ಚಿಕ್ಕಪ್ಪನ ಮಗ ಒಂದು ತಿಂಗಳಿಂದ ಪೀಡಿಸುತ್ತಿದ್ದಾನೆ. ಅವನಿಗೆ ನಮ್ಮ ಮನೆತನದ ವಂಶವೃಕ್ಷ ಬೇಕು. ಏಳು ತಲೆಮಾರಾದರೂ ಇರಬೇಕಂತೆ, ಬೇರಿನ ಹತ್ತಿರ ವಿಜಯನಗರದ ದಂಡನಾಯಕನೊಬ್ಬ ಸಿಕ್ಕರೆ ಇನ್ನೂ ಒಳ್ಳೆಯದಂತೆ. ಈಗ ವಂಶವೃಕ್ಷ ಬರೆಸುವವರ ಮುತ್ತಜ್ಜಂದಿರೆಲ್ಲ ದಂಡನಾಯಕರೇ. ಹಾಗಾದರೆ ಆ ದಂಡಿನ ಕುದುರೆಗಳಿಗೆ ಹುಲ್ಲು ಹಾಕಿದವರು ಯಾರು? ಅವರಿಗೆ ಮಕ್ಕಳೇ ಆಗಲಿಲ್ವಾ?

"ಊರಲ್ಲಿರೋನು ನೀನೊಬ್ಬನೇ ಅಲ್ವಾ ಅಣ್ಣಾ, ಅಟ್ಟ ಒಂದ್ಸಲ ನೋಡು" ಅಂದ. ಮಂಡಿ ನೋವಿಟ್ಟುಕೊಂಡು ಹತ್ತಿದೆ. ಸಿಕ್ಕಿದ್ದು ಒಂದು ತಗಡಿನ ಟ್ರಂಕು. ಒಳಗೆ ಕಂದಾಯದ ರಸೀದಿಗಳು, ಇಲಿ ತಿಂದ ಪಂಚಾಂಗ, ಶುಭಕಾರ್ಯಕ್ಕೆ ಯಾರು ಏನು ಉಡುಗೊರೆ ಕೊಟ್ಟರು ಅಂತ ತಾತ ಬರೆದಿಟ್ಟ ಮುಯ್ಯಿ ಪುಸ್ತಕಗಳು.

1956ರ ದೊಡ್ಡತ್ತೆ ಮದುವೆಯ ಪುಸ್ತಕದಲ್ಲಿ ಎಲ್ಲ ಆಣೆ ಲೆಕ್ಕ. 1958ರ ದೊಡ್ಡಪ್ಪನ ಮದುವೆ ಹೊತ್ತಿಗೆ ನಯಾ ಪೈಸೆ ಬಂದಿದೆ, ಆದರೆ ತಾತ ಅದನ್ನು ನಂಬಿದ ಹಾಗಿಲ್ಲ, 25 ನಯಾ ಪೈಸೆ ಅಂತ ಬರೆದು ಪಕ್ಕದಲ್ಲೇ 4 ಆಣೆ ಅಂತ ಮತ್ತೆ ಬರೆದಿದ್ದಾರೆ. ಹೆಸರಿನ ಎದುರು ಷರಾ ಬೇರೆ. 'ಇವರಿಗೆ ನಾವು ಕೊಟ್ಟದ್ದು 2 ರೂ.' 'ಊಟಕ್ಕೆ ಏಳು ಜನ.' ಕೆರೆ ಏರಿ ಮನೆಯವರ ಎದುರು: 'ಹಿತ್ತಾಳೆ ಚೊಂಬು 1. ತಳ ಸೋರುತ್ತದೆ.'

ಈ ಚೊಂಬಿನ ಹಿಂದೆ ಬಿದ್ದು ನನ್ನ ಮಧ್ಯಾಹ್ನದ ಊಟವೇ ತಪ್ಪಿತು. 1958ರ ಪುಸ್ತಕದ ಕೊನೆಯಲ್ಲಿ 'ನಾವು ಕೊಟ್ಟದ್ದು' ಅಂತ ಬೇರೆ ಪಟ್ಟಿ ಇದೆ. ಅದರಲ್ಲಿ ಗಾಣದ ಮನೆ ಮದುವೆಗೆ ಹಿತ್ತಾಳೆ ಚೊಂಬು 1. ಸೋರುವ ಸುದ್ದಿ ಇಲ್ಲಿ ಇಲ್ಲ! ಆಮೇಲೆ 1963, ನಮ್ಮ ಗೃಹಪ್ರವೇಶ. ಸಾಹುಕಾರರ ಮನೆಯಿಂದ: 'ಹಿತ್ತಾಳೆ ಚೊಂಬು 1. ಕಂಠದ ತಗ್ಗು ನೋಡಿದರೆ ನಮ್ಮದೇ. ಬೆಸುಗೆ ಹಾಕಿಸಿದ್ದಾರೆ.' ನಡುವಿನ ಐದು ವರ್ಷ ಅದು ಯಾರ ಮನೆಯಲ್ಲಿತ್ತು, ಎಷ್ಟು ಮದುವೆ ಉಂಡಿತು, ಬೆಸುಗೆಗೆ ದುಡ್ಡು ಕೊಟ್ಟ ಪುಣ್ಯಾತ್ಮ ಯಾರು? ಗಾಣದ ಮನೆಯವರ ಪುಸ್ತಕ ನೋಡಿದರೆ ಗೊತ್ತಾಗುತ್ತದೆ ಅಂತ ಚಪ್ಪಲಿ ಮೆಟ್ಟಿಕೊಂಡು ಹೋದೆ. ಹೊಸ ಮನೆ ಕಟ್ಟುವಾಗ ರದ್ದಿಗೆ ಹಾಕಿದರಂತೆ. ಕಾಫಿ ಕೊಟ್ಟರು. ಕುಡಿಯುವ ಮನಸ್ಸಾಗಲಿಲ್ಲ, ಆದರೂ ಕುಡಿದೆ.

ರದ್ದಿ! ನಮ್ಮೂರ ಶಾನುಭೋಗರ ಮನೆ ಕಡತಗಳೂ ಹೀಗೇ ಹೋದವು. ಈಗ ಕಡತ ಅಂದರೆ ಆಫೀಸಿನ ಫೈಲು. ಆಗಿನದು ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಬಳಪದಲ್ಲಿ ಬರೆದು ಮಡಿಸಿಡುತ್ತಿದ್ದ ಪುಸ್ತಕ. ಅದನ್ನು ಬಚ್ಚಲೊಲೆಗೆ ಹಾಕಿ ನೀರು ಕಾಯಿಸಿದವರು ಈಗಲೂ ಎದುರು ಸಿಕ್ಕರೆ ನಾನು ಸರಿಯಾಗಿ ಮಾತಾಡುವುದಿಲ್ಲ. ಶೃಂಗೇರಿ ಮಠದವರೂ ಹೀಗೇ ಮನೆ ಚೊಕ್ಕಟ ಮಾಡಿದ್ದರೆ? 1791ರಲ್ಲಿ ಮರಾಠರ ದಂಡು ಮಠ ಲೂಟಿ ಮಾಡಿದ ಮೇಲೆ ಟಿಪ್ಪು ಅಲ್ಲಿನ ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿ ಕಳಿಸಿದ ಪತ್ರಗಳು, 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬೀಳುತ್ತಿದ್ದವಾ? ಯಾರದೋ ಸ್ನಾನಕ್ಕೆ ಹದವಾದ ನೀರು ಆಗಿರುತ್ತಿತ್ತು, ಅಷ್ಟೇ.

ವಂಶಾವಳಿ ಬೇಕಿದ್ದರೆ ಹೆಳವರನ್ನು ಕೇಳಬೇಕಿತ್ತು. ನಾನು ಚಿಕ್ಕವನಿದ್ದಾಗ ಸುಗ್ಗಿ ಮುಗಿದ ಮೇಲೆ ನಮ್ಮ ಹೆಳವ ಎತ್ತಿನ ಮೇಲೆ ಕೂತು ಅಂಗಳಕ್ಕೆ ಬರುತ್ತಿದ್ದ. ಇಳಿಯುತ್ತಲೂ ಇರಲಿಲ್ಲ. ಮೂಲ ಯಾವ ಊರು, ಅಲ್ಲಿಂದ ಯಾಕೆ ಬಿಟ್ಟು ಬಂದೆವು, ಯಾರಿಗೆ ಯಾರು ಹುಟ್ಟಿದರು, ಎಲ್ಲ ಒಂದೇ ಉಸಿರಿಗೆ ಹೇಳಿ ರಾಗಿ ಹಾಕಿಸಿಕೊಳ್ಳುತ್ತಿದ್ದ. ಅಜ್ಜಿ ಮೊರ ಹಿಡಿದು ಬರುವಾಗ ಗೊಣಗುತ್ತಿದ್ದಳು, "ಹೆಸರೆಲ್ಲ ಗಂಡಸರದ್ದು, ರಾಗಿ ಹಾಕೋಳು ಮಾತ್ರ ನಾನು." ಅವನು ಬಾರದೆ ಎಷ್ಟೋ ವರ್ಷವಾಯಿತು. ಅವನು ಹೇಳಿದ್ದನ್ನು ಬರೆದುಕೊಳ್ಳಬೇಕು ಅಂತ ನನಗೆ ಆಗ ಹೊಳೆಯಲೇ ಇಲ್ಲ. ಗಾಣದ ಮನೆಯವರನ್ನು ಬೈಯುವ ಮುಂಚೆ ಇದು ನೆನಪಾಗಬೇಕಿತ್ತು, ಇರಲಿ.

ತಮ್ಮನಿಗೆ ಚೊಂಬಿನ ಪುಟಗಳ ಫೋಟೋ ಕಳಿಸಿದೆ. "ಇದಲ್ಲ ಅಣ್ಣಾ, ದಂಡನಾಯಕ ಏನಾದ?" ಅಂತ ಕೇಳಿದ.

ಚೊಂಬು ಹಿತ್ತಿಲ ಬಚ್ಚಲಲ್ಲೇ ಇತ್ತು, ಕಂಠದಲ್ಲಿ ತಗ್ಗು ಸಮೇತ. ರಾತ್ರಿ ನೀರು ತುಂಬಿಸಿಟ್ಟೆ. ಬೆಳಗ್ಗೆ ನೋಡಿದರೆ ಕೆಳಗೆ ಒಂದಿಷ್ಟು ಒದ್ದೆ. ತಮ್ಮನ ಮಗಳ ಮದುವೆ ಬರುವ ವೈಶಾಖಕ್ಕೆ ಗೊತ್ತಾಗಿದೆ. ಹುಣಸೆಹಣ್ಣು ಹಾಕಿ ತಿಕ್ಕಿ ಇಟ್ಟಿದ್ದೇನೆ.