ಸತ್ಯಾಂಶ: ಭಾರ ಎತ್ತಿದರೆ ಸಿಟ್ಟು ಜಾಸ್ತಿ ಆಗುತ್ತಾ?

ಜಿಮ್‌ನಲ್ಲಿ ಭಾರ ಎತ್ತಿದರೆ ಹಾರ್ಮೋನ್ ಏರಿ ಹುಡುಗರು ಸಿಡುಕರಾಗುತ್ತಾರೆ ಅನ್ನೋ ಮೆಸೇಜು ಹುಬ್ಬಳ್ಳಿ-ಧಾರವಾಡದ ಮನೆಮಂದಿಯ ಗ್ರೂಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕಳಿಸುವವರಿಗೆ ಮಕ್ಕಳ ಕಾಳಜಿ ಇರುತ್ತದೆ. ಆದರೆ ಆ ಮಾತು ಸರಿಯಲ್ಲ.

ವ್ಯಾಯಾಮದ ಹೊತ್ತಿಗೆ ಟೆಸ್ಟೋಸ್ಟೆರಾನ್ ಅನ್ನೋ ಗಂಡು ಹಾರ್ಮೋನ್ ಸ್ವಲ್ಪ ಏರಬಹುದು, ನಿಜ. ಬೇಗನೆ ಇಳಿಯುತ್ತದೆ. ಅಷ್ಟಕ್ಕೆ ಸ್ವಭಾವ ಬದಲಾಗುವುದಿಲ್ಲ.

ಮತ್ತೆ ಆ ಕೆಂಪು ಮುಖ, ಕಚ್ಚಿದ ಹಲ್ಲು? ಕೊನೆಯ ಎರಡು ಸಲ ಎತ್ತುವಾಗ ತೋಳು ನಡುಗುತ್ತದೆ, ಉಸಿರು ಬಿಗಿಯುತ್ತದೆ, ಸಾಕಪ್ಪಾ ಅನಿಸುತ್ತದೆ. ಅದು ಶ್ರಮ, ಸಿಟ್ಟಲ್ಲ. ಕೆಳಗಿಟ್ಟ ಸ್ವಲ್ಪ ಹೊತ್ತಿಗೆ ಬಹಳ ಜನರಿಗೆ ಮನಸ್ಸು ಹಗುರಾಗುತ್ತದೆ. ನಮ್ಮ ಕಡೆ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತಿ ಇಳಿಸಿದ ಹುಡುಗನ ನಗು ನೋಡಿರುತ್ತೀರಿ, ಅಲ್ವಾ? 2018ರಲ್ಲಿ 33 ಪ್ರಯೋಗಗಳ, ಒಟ್ಟು 1,877 ಜನರ ಮಾಹಿತಿಯನ್ನು ಒಟ್ಟಿಗೆ ನೋಡಿದಾಗ, ಇಂಥ ವ್ಯಾಯಾಮದಿಂದ ಖಿನ್ನತೆಯ ಲಕ್ಷಣಗಳು ಕಡಿಮೆಯಾಗಿದ್ದು ಕಂಡುಬಂತು.

ಸಿಟ್ಟು ಹೆಚ್ಚಿಸಬಲ್ಲದ್ದು ಬೇರೆ ಇದೆ: ವೈದ್ಯರನ್ನು ಕೇಳದೆ ತಗೊಳ್ಳುವ ಅನಬಾಲಿಕ್ ಸ್ಟೀರಾಯ್ಡ್, ಅಂದರೆ ಸ್ನಾಯು ಬೆಳೆಸುವ ಔಷಧಿ. ಮೆಸೇಜು ಎರಡನ್ನೂ ಕಲಸಿಬಿಟ್ಟಿದೆ. ಮಕ್ಕಳನ್ನು ಕೇಳುವುದಾದರೆ ಆ ಸೂಜಿ, ಮಾತ್ರೆಗಳ ಬಗ್ಗೆ ಕೇಳಿ. ಸುಮ್ನೆ ಜಿಮ್ ಬಿಡಿಸಬೇಡಿ.

ಇಂಥ ಮೆಸೇಜು ಬಂದರೆ ಅಧ್ಯಯನ ಯಾವುದು, ಯಾವ ವರ್ಷದ್ದು, ಎಷ್ಟು ಜನರ ಮೇಲೆ ಅಂತ ಅದರಲ್ಲೇ ಹುಡುಕಿ. ಏನೂ ಇಲ್ಲದಿದ್ದರೆ ಮುಂದೆ ಕಳಿಸಬೇಡಿ. ಮನೆಯಲ್ಲೂ ನೋಡಬಹುದು. ಒಂದು ಸಣ್ಣ ನೋಟ್‌ಬುಕ್ ಇಟ್ಟು, ವ್ಯಾಯಾಮಕ್ಕೆ ಮುಂಚೆ, ನಡುವೆ, ಮುಗಿದ ಅರ್ಧ ಗಂಟೆಗೆ ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕ ಅಂತ ಮೂರು ವಾರ ಬರೆಯಿರಿ. ನಿದ್ದೆಗೆಟ್ಟ ದಿನಕ್ಕೆ ಒಂದು ಗುರುತು ಹಾಕಿ. ಆ ದಿನದ ಸಿಡುಕಿಗೆ ಕಾರಣ ಬೇರೆ ಇರಬಹುದು.